ಕಬಿನಿ ತುಂಬಿದಾಗ ಮುಚ್ಚುವ ದ್ವೀಪ: ಕುರುವಾ ಪ್ರವಾಸಕ್ಕೆ ಕಾಲ ಮತ್ತು ಕಡವು

ಕರ್ನಾಟಕದ ಬಹುಪಾಲು ಕುಟುಂಬಗಳ ಪ್ರವಾಸದ ದಿನಗಳನ್ನು ಶಾಲೆಯ ರಜೆ ಮತ್ತು ಕಚೇರಿಯ ರಜೆ ಮೊದಲೇ ನಿಗದಿ ಮಾಡಿರುತ್ತವೆ: ಏಪ್ರಿಲ್ ಮತ್ತು ಮೇ ತಿಂಗಳ ಬೇಸಿಗೆ ರಜೆ, ದಸರೆಯ ಬಿಡುವು, ಡಿಸೆಂಬರಿನ ಕೊನೆಯ ವಾರ. ಹೋಗುವ ಊರು ಯಾವುದೇ ಆಗಿದ್ದರೂ ಈ ಮೂರರಲ್ಲಿ ಒಂದಕ್ಕೆ ಅದನ್ನು ಹೊಂದಿಸಿಕೊಳ್ಳುವುದು ರೂಢಿಯಾಗಿದೆ. ಬೆಟ್ಟದ ಊರಿಗೋ ಅರಮನೆಯ ನಗರಕ್ಕೋ ಹೊರಟವರಿಗೆ ಈ ರೂಢಿಯಿಂದ ಹೆಚ್ಚಿನ ತೊಂದರೆಯಾಗದಿರಬಹುದು. ಆದರೆ ಉಷ್ಣವಲಯದ ದ್ವೀಪವೊಂದನ್ನು ಆರಿಸಿಕೊಂಡವರು ತಮ್ಮ ರಜೆಯ ಪಟ್ಟಿಗಿಂತ ಮೊದಲು ಅಲ್ಲಿನ ಮಳೆಯ ಪಟ್ಟಿಯನ್ನು ನೋಡಬೇಕಾಗುತ್ತದೆ. ಭೂಮಧ್ಯರೇಖೆಯ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು ಇಪ್ಪತ್ತಮೂರೂವರೆ ಡಿಗ್ರಿಗಳವರೆಗೆ ಹಬ್ಬಿರುವ ಪಟ್ಟಿಯನ್ನು ಉಷ್ಣವಲಯ ಎನ್ನುತ್ತಾರೆ. ಈ ಪಟ್ಟಿಯೊಳಗೆ ಸೂರ್ಯನ ಬಿಸಿಲು ವರ್ಷದುದ್ದಕ್ಕೂ ಹೆಚ್ಚು ಏರುಪೇರಿಲ್ಲದೆ ಬೀಳುವುದರಿಂದ ಚಳಿಗಾಲ ಬೇಸಿಗೆಗಳ ನಡುವಿನ ಅಂತರ ಕಡಿಮೆ, ಆದ್ದರಿಂದ ಒಂದು ಋತುವನ್ನು ಇನ್ನೊಂದರಿಂದ ಬೇರ್ಪಡಿಸುವ ಕೆಲಸವನ್ನು ಇಲ್ಲಿ ತಾಪಮಾನಕ್ಕಿಂತ ಮಳೆಯೇ ಹೆಚ್ಚಾಗಿ ಮಾಡುತ್ತದೆ.

ದ್ವೀಪ ಎಂದೊಡನೆ ಕಡಲು ನೆನಪಾಗುವುದು ಸಹಜ. ಲಕ್ಷದ್ವೀಪದ ಹವಳದ ದ್ವೀಪಗಳು, ಮಲ್ಪೆಯ ಎದುರಿನ ಸೇಂಟ್ ಮೇರೀಸ್‌ನಲ್ಲಿ ಲಾವಾರಸ ಕಂಬಗಳಾಗಿ ಗಟ್ಟಿಗೊಂಡು ನಿಂತಿರುವ ಕಲ್ಲುಗಳು, ಮುರುಡೇಶ್ವರದಾಚೆಯ ನೇತ್ರಾಣಿ, ಇವೆಲ್ಲ ಕಡಲಿನ ಕೊಡುಗೆಗಳು. ಆದರೆ ಕನ್ನಡ ನಾಡಿಗೆ ಹೊಳೆಯ ದ್ವೀಪಗಳ ಪರಿಚಯ ಕಡಲ ದ್ವೀಪಗಳಷ್ಟೇ ಹಳೆಯದು; ಶ್ರೀರಂಗಪಟ್ಟಣ ಕಾವೇರಿಯ ನಡುಗಡ್ಡೆಯ ಮೇಲೆ ನಿಂತಿದೆ, ರಂಗನತಿಟ್ಟಿನ ಹಕ್ಕಿಗಳು ಗೂಡು ಕಟ್ಟುವುದು ಅದೇ ನದಿಯ ತಿಟ್ಟುಗಳಲ್ಲಿ, ಕರಾವಳಿಯ ನದಿಮುಖಗಳಲ್ಲಿ ಜನ ತೆಂಗು ಬೆಳೆದು ಬಾಳುವ ಕುದ್ರುಗಳಿವೆ. ಈ ಬಳಗಕ್ಕೆ ಸೇರಿದ, ಕರ್ನಾಟಕದ ಗಡಿಗೆ ಅತಿ ಸಮೀಪದಲ್ಲಿರುವ ಕಾಡಿನ ದ್ವೀಪಸಮೂಹವೆಂದರೆ ಕೇರಳದ ವಯನಾಡು ಜಿಲ್ಲೆಯ ಕುರುವಾ ದ್ವೀಪ. ಪ್ರವಾಸಕ್ಕೆ ಕಾಲವನ್ನೂ ಸ್ಥಳವನ್ನೂ ಹೇಗೆ ಆರಿಸಬೇಕು ಎಂಬ ಪ್ರಶ್ನೆಗೆ ಇದರಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ದ್ವೀಪ ದಕ್ಷಿಣ ಭಾರತದಲ್ಲಿ ಅಪರೂಪ, ಏಕೆಂದರೆ ಇಲ್ಲಿ ತಪ್ಪು ತಿಂಗಳಲ್ಲಿ ಬಂದವರಿಗೆ ದ್ವೀಪವೇ ಸಿಗುವುದಿಲ್ಲ.

ವಯನಾಡು ಸಮುದ್ರಮಟ್ಟದಿಂದ ಸುಮಾರು 700 ಮೀಟರಿನಿಂದ 2100 ಮೀಟರಿನವರೆಗೆ ಏರುವ ಪ್ರಸ್ಥಭೂಮಿ. 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾದ ಈ ನಾಡಿನ ಪಶ್ಚಿಮದ ಅಂಚು ಕಡಿದಾಗಿ ಕೋಯಿಕ್ಕೋಡಿನ ಕಡೆಗೆ ಇಳಿಯುತ್ತದೆ, ಪೂರ್ವದ ಅಂಚು ನಿಧಾನವಾಗಿ ಮೈಸೂರು ಸೀಮೆಯ ಕಡೆಗೆ ವಾಲುತ್ತದೆ. ಆ ವಾಲುವಿಕೆಯಿಂದಾಗಿಯೇ ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವ ಮೂರರಲ್ಲಿ ಒಂದಾದ ಕಬಿನಿ ಇಲ್ಲಿ ಹುಟ್ಟುತ್ತದೆ. ಪನಮರಂ ಹೊಳೆ ಮತ್ತು ಮಾನಂತವಾಡಿ ಹೊಳೆ ಒಂದನ್ನೊಂದು ಕೂಡಿದ ಮೇಲೆ ಕಬಿನಿ ಎಂಬ ಹೆಸರು ಪಡೆಯುವ ಈ ನದಿ, ಮಾನಂತವಾಡಿಯ ಪೂರ್ವಕ್ಕೆ ಸ್ವಲ್ಪ ದೂರ ಸಾಗುವಷ್ಟರಲ್ಲಿ ಹಲವು ಕವಲುಗಳಾಗಿ ಒಡೆದು, ಸುಮಾರು 950 ಎಕರೆ ವಿಸ್ತಾರದಲ್ಲಿ ಸಣ್ಣದೊಡ್ಡ ನಡುಗಡ್ಡೆಗಳನ್ನು ಸುತ್ತುವರಿದು, ಮತ್ತೆ ಒಂದಾಗಿ ಬೈರಕುಪ್ಪೆಯ ಬಳಿ ಕರ್ನಾಟಕದ ಅಂಚನ್ನು ಮುಟ್ಟುತ್ತದೆ. ಆ ನಡುಗಡ್ಡೆಗಳ ಸಮೂಹವೇ ಕುರುವಾ. ಅಲ್ಲಿ ಜನವಸತಿಯಿಲ್ಲ; ನಿತ್ಯಹರಿದ್ವರ್ಣದ ಮರಗಳು, ಬಿದಿರು, ಕೊಂಬೆಗಳಿಗೆ ಅಂಟಿ ಬೆಳೆಯುವ ಸೀತಾಳೆಗಳು, ಔಷಧ ಸಸ್ಯಗಳು, ಹಕ್ಕಿಗಳು ಮತ್ತು ಹೊಳೆ ದಾಟಿ ಬಂದುಹೋಗುವ ಆನೆಗಳು ಅಲ್ಲಿನ ನಿವಾಸಿಗಳು. ದಡದಿಂದ ಮೊದಲ ನಡುಗಡ್ಡೆಗೆ ಬಿದಿರಿನ ತೆಪ್ಪದಲ್ಲಿ ದಾಟಿ, ಅಲ್ಲಿಂದ ಮುಂದೆ ಒಂದು ನಡುಗಡ್ಡೆಯಿಂದ ಮತ್ತೊಂದಕ್ಕೆ ಮೊಣಕಾಲುದ್ದದ ನೀರಿನಲ್ಲಿ, ಜಾರುವ ಬಂಡೆಗಳ ಮೇಲೆ, ಒಬ್ಬರ ಕೈಯನ್ನೊಬ್ಬರು ಹಿಡಿದು ನಡೆಯುವುದು ಕುರುವಾ ಪ್ರವಾಸದ ತಿರುಳು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾರಿಗೂ ಪ್ರವೇಶವಿಲ್ಲ.

ಕಡಲ ದ್ವೀಪದ ಅಂಚನ್ನು ಅಲೆ ಬರೆದರೆ ಹೊಳೆಯ ದ್ವೀಪದ ಅಂಚನ್ನು ಬರೆಯುವುದು ಮೇಲ್ಪಾತ್ರದ ಮಳೆ, ಮತ್ತು ಆ ಮಳೆ ದ್ವೀಪದ ಮೇಲೆಯೇ ಬೀಳಬೇಕೆಂದಿಲ್ಲ. ಕುರುವಾವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿಲ್ಲ. ಜೂನ್ ಆರಂಭದಲ್ಲಿ ಕೇರಳವನ್ನು ಮುಟ್ಟುವ ನೈರುತ್ಯ ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ಹೊತ್ತು ತಂದ ತೇವವನ್ನೆಲ್ಲ ಪಶ್ಚಿಮ ಘಟ್ಟದ ಗೋಡೆಗೆ ಬಡಿದು ಮೇಲೇರುವಾಗ ತಣಿದು ಸುರಿಸುತ್ತದೆ. ಆ ಸುರಿತದ ಬಹುಭಾಗ ಘಾಟಿಯ ನೆತ್ತಿಯಲ್ಲಿರುವ ಲಕ್ಕಿಡಿ, ವೈತ್ತಿರಿ ಪ್ರದೇಶಗಳ ಮೇಲೆ ಬೀಳುತ್ತದೆ. ನೆತ್ತಿಯನ್ನು ದಾಟಿ ಪೂರ್ವಕ್ಕೆ ಬಂದ ಗಾಳಿಯಲ್ಲಿ ತೇವ ಕಡಿಮೆಯಾಗಿರುತ್ತದೆ, ಹೀಗಾಗಿ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿಯ ಕಡೆ ಮಳೆ ಎಷ್ಟು ಇಳಿಯುತ್ತದೆಂದರೆ ಅಲ್ಲಿನ ರೈತರು ಕೆಲವು ವರ್ಷ ಬರವನ್ನೇ ಎದುರಿಸಬೇಕಾಗುತ್ತದೆ. ಒಂದೇ ಪುಟ್ಟ ಜಿಲ್ಲೆಯೊಳಗಿನ ಈ ವ್ಯತ್ಯಾಸವನ್ನು ಮಳೆಯ ನೆರಳು ಎನ್ನುತ್ತಾರೆ. ಕುರುವಾ ಇರುವುದು ಈ ಒಣ ಭಾಗದ ಹತ್ತಿರ, ಆದರೆ ಅದರ ನೀರು ಬರುವುದು ತೊಯ್ದ ಭಾಗದಿಂದ. ವೈತ್ತಿರಿಯ ಸಮೀಪದ ಪೂಕೋಡ್ ಸರೋವರದಿಂದ ಹೊರಟ ನೀರು ಪನಮರಂ ಹೊಳೆಯಾಗಿ ಇದೇ ನಡುಗಡ್ಡೆಗಳನ್ನು ಬಳಸಿ ಹೋಗುತ್ತದೆ. ಪಡಿಂಞಾರತ್ತರದಲ್ಲಿ ಕರಮಾನ್‌ತೋಡು ಹೊಳೆಗೆ ಕಟ್ಟಿರುವ ಬಾಣಾಸುರ ಸಾಗರ ಎಂಬ ಬೃಹತ್ ಮಣ್ಣಿನ ಅಣೆಕಟ್ಟು ತುಂಬಿ ಬಾಗಿಲು ತೆರೆದಾಗ ಆ ನೀರೂ ಅದೇ ದಾರಿಯಲ್ಲಿ ಕೆಳಗಿಳಿಯುತ್ತದೆ. ಆದ್ದರಿಂದ ಕುರುವಾದ ದಡದಲ್ಲಿ ಬಿಸಿಲು ಕಾಯುತ್ತಿರುವ ದಿನವೂ ಹೊಳೆ ಏರಬಲ್ಲದು, ಮೊಣಕಾಲುದ್ದವಿದ್ದ ಕವಲು ಎದೆಯುದ್ದವಾಗಬಲ್ಲದು. ಮುಂಗಾರಿನಲ್ಲಿ ದ್ವೀಪವನ್ನು ಮುಚ್ಚುವ ಪದ್ಧತಿ ಅತಿಯಾದ ಎಚ್ಚರಿಕೆಯಂತೆ ಕಾಣಬಹುದು, ಆದರೆ ನಡೆದು ದಾಟುವ ದಾರಿಯೇ ನದಿಯ ತಳವಾಗಿರುವ ಕಡೆ ಬೇರೆ ಮಾರ್ಗವಿಲ್ಲ.

ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ಮುಚ್ಚುವ ಕುರುವಾ ಅಕ್ಟೋಬರ್ ಅಥವಾ ನವೆಂಬರಿನಲ್ಲಿ ನೀರು ಇಳಿದ ಮೇಲೆ ತೆರೆಯುತ್ತದೆ. ಪಂಚಾಂಗದಲ್ಲಿ ಗುರುತು ಹಾಕಿದ ದಿನಾಂಕಕ್ಕೆ ಅದು ಬದ್ಧವಲ್ಲ. ಕನ್ನಡ ಓದುಗರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ, ಅದನ್ನು ಪ್ರವಾಸದ ಕೈಪಿಡಿಗಳು ಗಮನಿಸಿದಂತೆ ಕಾಣುವುದಿಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯಕ್ಕೆ ನೀರು ಬರುವುದು ಮುಖ್ಯವಾಗಿ ವಯನಾಡಿನಿಂದ. 2284 ಅಡಿ ಗರಿಷ್ಠ ಮಟ್ಟದ, 19.52 ಟಿಎಂಸಿ ಸಾಮರ್ಥ್ಯದ ಈ ಜಲಾಶಯದ ಒಳಹರಿವನ್ನು ಮೈಸೂರಿನ ಪತ್ರಿಕೆಗಳು ಮಳೆಗಾಲದುದ್ದಕ್ಕೂ ದಿನವೂ ಪ್ರಕಟಿಸುತ್ತವೆ. ವಯನಾಡಿನಲ್ಲಿ ಮಳೆ ಜೋರಾಗಿದೆ, ಒಳಹರಿವು ಏರಿದೆ ಎಂಬ ಸುದ್ದಿ ನಂಜನಗೂಡಿನ ಗದ್ದೆಯ ರೈತನಿಗೆ ನೆಮ್ಮದಿ ತರುವ ದಿನ ಕುರುವಾದ ಕವಲುಗಳು ದಾಟಲಾಗದಷ್ಟು ತುಂಬಿ ಹರಿಯುತ್ತಿರುತ್ತವೆ. ಒಳಹರಿವು ಸಾವಿರಗಟ್ಟಲೆ ಕ್ಯುಸೆಕ್‌ನಿಂದ ನೂರುಗಳಿಗೆ ಇಳಿದು, ಕೆಲವು ದಿನ ಅಲ್ಲಿಯೇ ನಿಂತಿತೆಂದರೆ ದ್ವೀಪ ತೆರೆಯುವ ಕಾಲ ಸಮೀಪಿಸಿದೆ ಎಂದು ಊಹಿಸಬಹುದು; ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿಯುವ ಪ್ರಮಾಣ. ಇದು ಅಧಿಕೃತ ಪ್ರಕಟಣೆಗೆ ಬದಲಿಯಲ್ಲ, ಆದರೆ ಮೈಸೂರಿನಲ್ಲೋ ಮಂಡ್ಯದಲ್ಲೋ ಕುಳಿತು ದಿನ ನಿಗದಿ ಮಾಡುವವರಿಗೆ ಇದಕ್ಕಿಂತ ನಂಬಬಹುದಾದ ಸೂಚನೆ ಸಿಗುವುದು ಕಷ್ಟ. ನಕ್ಷತ್ರಗಳ ಲೆಕ್ಕದಲ್ಲಿ ಮಳೆಯನ್ನು ಅಳೆಯುವ ಹಳೆಯ ರೈತರ ಮಾತಿನಲ್ಲಿ ಹೇಳುವುದಾದರೆ ಆರಿದ್ರಾದಿಂದ ಮಖಾ ಮಳೆಯವರೆಗೆ ದ್ವೀಪದ ಮಾತೇ ಬೇಡ, ಚಿತ್ತಾ ಮಳೆಯ ಹೊತ್ತಿಗೆ ವಿಚಾರಿಸಬಹುದು, ವಿಶಾಖಾ ಮುಗಿದ ಮೇಲೆ ಧೈರ್ಯವಾಗಿ ಹೊರಡಬಹುದು.

ತೆರೆದಿರುವ ತಿಂಗಳುಗಳೆಲ್ಲ ಒಂದೇ ಬಗೆಯವಲ್ಲ. ಅಕ್ಟೋಬರ್ ಮತ್ತು ನವೆಂಬರ್ ಆರಂಭದಲ್ಲಿ ಕಾಡು ಅತ್ಯಂತ ಹಸಿರಾಗಿರುತ್ತದೆ, ಹೊಳೆಯಲ್ಲಿ ತುಂಬು ನೀರಿರುತ್ತದೆ; ಆದರೆ ಅದೇ ಹೊತ್ತಿಗೆ ಹಿಂಗಾರು, ಅಂದರೆ ಕೇರಳದವರು ತುಲಾವರ್ಷ ಎಂದು ಕರೆಯುವ ಮಳೆ, ಮಧ್ಯಾಹ್ನದ ನಂತರ ಗುಡುಗು ಸಿಡಿಲುಗಳೊಡನೆ ಬರುತ್ತದೆ, ನೆಲದ ತೇವದಲ್ಲಿ ಜಿಗಣೆಗಳೂ ಉಳಿದಿರುತ್ತವೆ. ಡಿಸೆಂಬರಿನಿಂದ ಫೆಬ್ರವರಿ ಮಧ್ಯದವರೆಗಿನ ಅವಧಿಯೇ ಕುರುವಾಕ್ಕೆ ಶ್ರೇಷ್ಠವೆಂದು ಹೇಳಲು ಸಾಕಷ್ಟು ಕಾರಣಗಳಿವೆ. ಮಳೆ ನಿಂತಿರುತ್ತದೆ, ಕವಲುಗಳಲ್ಲಿ ನೀರು ತಿಳಿಯಾಗಿ ಬಂಡೆಗಳು ಕಾಣುತ್ತವೆ, ಬೆಳಗಿನ ಚಳಿ ಹಿತವಾಗಿರುತ್ತದೆ, ದಾರಿಯುದ್ದಕ್ಕೂ ಕಾಫಿಯ ಕೊಯ್ಲು ನಡೆದು ಮನೆಯಂಗಳಗಳಲ್ಲಿ ಹಣ್ಣು ಒಣಗುತ್ತಿರುತ್ತದೆ. ಕ್ರಿಸ್ಮಸ್‌ನಿಂದ ಹೊಸವರ್ಷದವರೆಗಿನ ವಾರವನ್ನು ಮಾತ್ರ ಇದರಿಂದ ಹೊರಗಿಡಬೇಕು, ಏಕೆಂದರೆ ಆ ದಿನಗಳಲ್ಲಿ ವಯನಾಡಿನ ಘಾಟಿರಸ್ತೆಗಳಲ್ಲಿಯೇ ಗಂಟೆಗಳು ಕಳೆದುಹೋಗುತ್ತವೆ. ಅದೇ ಪ್ರವಾಸವನ್ನು ಸಂಕ್ರಾಂತಿಯ ನಂತರದ ಒಂದು ವಾರದ ದಿನಕ್ಕೆ ಮುಂದೂಡಿದವರಿಗೆ ಬೇರೆಯೇ ಕುರುವಾ ಕಾಣುತ್ತದೆ. ಫೆಬ್ರವರಿ ಕೊನೆಗೆ, ಮಾರ್ಚಿನಲ್ಲಿ, ಹೂಮಳೆ ಬಿದ್ದರೆ ಕಾಫಿ ತೋಟಗಳು ಬೆಳ್ಳಗೆ ಅರಳುವ ಸೊಗಸು ಕೊಡಗಿನವರಿಗೆ ಹೇಳಿಕೊಡಬೇಕಾದದ್ದಲ್ಲ, ಆದರೆ ಕಾಡಿನ ಮಟ್ಟಿಗೆ ಆ ಕಾಲ ಕಠಿಣ. ಬಂಡೀಪುರ, ನಾಗರಹೊಳೆ, ಮುದುಮಲೈಗಳಲ್ಲಿ ಕೆರೆಗಳು ಬತ್ತುತ್ತಿದ್ದಂತೆ ಆನೆಗಳು ನೀರು ಮೇವು ಹುಡುಕಿ ವಯನಾಡಿನ ಕಡೆ ಸರಿಯುತ್ತವೆ. ಒಣಗಿದ ಬಿದಿರು ಮತ್ತು ಹುಲ್ಲಿಗೆ ಕಾಳ್ಗಿಚ್ಚು ಸುಲಭವಾಗಿ ತಗಲುತ್ತದೆ. ಈ ಕಾರಣಗಳಿಂದಲೇ 1973ರಲ್ಲಿ ಸ್ಥಾಪನೆಯಾದ ವಯನಾಡು ವನ್ಯಜೀವಿಧಾಮದ ಮುತ್ತಂಗ ಮತ್ತು ತೋಲ್ಪೆಟ್ಟಿ ವಲಯಗಳನ್ನು ಹಲವು ವರ್ಷಗಳಲ್ಲಿ ಬೇಸಿಗೆಯ ಕೆಲ ವಾರಗಳ ಕಾಲ ಪ್ರವಾಸಿಗರಿಗೆ ಮುಚ್ಚಲಾಗಿದೆ. ಮಕ್ಕಳ ಬೇಸಿಗೆ ರಜೆ ಬೀಳುವುದು ಈ ಕಷ್ಟದ ಕಾಲಕ್ಕೇ ಎಂಬುದು ವಿಷಾದದ ಸಂಗತಿ.

ಆನೆಗಳ ಮಾತು ಬಂದಾಗ 2024ನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಕುರುವಾದ ಪರಿಸರ ಪ್ರವಾಸ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಸ್ಥಳೀಯರೊಬ್ಬರು ಕಾಡಾನೆಯ ದಾಳಿಯಲ್ಲಿ ಪ್ರಾಣ ಕಳೆದುಕೊಂಡರು. ಅದೇ ತಿಂಗಳು ಜಿಲ್ಲೆಯಲ್ಲಿ ಇಂಥ ಇನ್ನೊಂದು ಸಾವೂ ಸಂಭವಿಸಿದ್ದರಿಂದ ಜನರ ನೋವು ಪುಲ್ಪಳ್ಳಿಯ ಬೀದಿಗಳಲ್ಲಿ ಸ್ಫೋಟಿಸಿತು, ಅರಣ್ಯದ ಪ್ರವಾಸ ಕೇಂದ್ರಗಳು ಮುಚ್ಚಿದವು, ವಿಷಯ ಕೇರಳ ಹೈಕೋರ್ಟಿನ ಮುಂದೆ ಬಂತು. ತಿಂಗಳುಗಳ ನಂತರ, ಅಕ್ಟೋಬರಿನಲ್ಲಿ, ನ್ಯಾಯಾಲಯದ ಅನುಮತಿಯೊಡನೆ ಕುರುವಾ ಮತ್ತೆ ತೆರೆಯಿತು. ಆದರೆ ದಿನಕ್ಕೆ 400 ಜನರಿಗೆ ಮಾತ್ರ, ಅದರ ಎರಡು ಪ್ರವೇಶದ್ವಾರಗಳಿಂದ ತಲಾ 200ರಂತೆ. ಈ ಮಿತಿಯನ್ನು ಪ್ರವಾಸೋದ್ಯಮಕ್ಕೆ ಹಾಕಿದ ಬೇಲಿಯೆಂದು ದೂರುವವರಿದ್ದಾರೆ. ಅವರ ಕಷ್ಟವೂ ಸುಳ್ಳಲ್ಲ, ಏಕೆಂದರೆ ತೆಪ್ಪ ನಡೆಸುವವರು, ದಾರಿ ತೋರಿಸುವವರು, ದಡದಲ್ಲಿ ಚಹಾ ಮಾರುವವರು ಬಹುಪಾಲು ಆಸುಪಾಸಿನ ಹಳ್ಳಿಗಳವರೇ, ಮುಚ್ಚಿದ ಪ್ರತಿ ತಿಂಗಳೂ ಅವರ ಒಲೆಗೆ ತಟ್ಟುತ್ತದೆ. ಆದರೂ ಮಿತಿ ಸರಿಯಾದದ್ದು. ನಡುಗಡ್ಡೆಗಳ ಮಣ್ಣು ಹೊಳೆ ತಂದು ಕೂಡಿಸಿದ ಸಡಿಲ ಮಣ್ಣು. ಸಾವಿರಾರು ಕಾಲುಗಳು ತುಳಿದ ಕಡೆ ಬೇರುಗಳು ತೆರೆದುಕೊಂಡು ಮರುವರ್ಷದ ನೆರೆಗೆ ದಡ ಕುಸಿಯುತ್ತದೆ. ದ್ವೀಪ ಉಳಿದರೆ ಮಾತ್ರ ಆ ದುಡಿಮೆಯೂ ಉಳಿಯುತ್ತದೆ. ಪ್ರವಾಸಿ ಮಾಡಬಹುದಾದದ್ದು ಬೆಳಿಗ್ಗೆ ಬೇಗ ತಲುಪುವುದು, ಟಿಕೆಟ್ ಮುಗಿದಿದ್ದರೆ ಸಿಬ್ಬಂದಿಯೊಡನೆ ವಾದಿಸದೆ ಹಿಂದಿರುಗುವುದು, ಪ್ಲಾಸ್ಟಿಕ್ಕನ್ನು ಒಳಗೆ ಒಯ್ಯದಿರುವುದು.

ದಾರಿ ತೋರಿಸುವ ಈ ಜನರ ನಡುವೆ ಕನ್ನಡದವರಿಗೆ ಹತ್ತಿರದ ದನಿಗಳು ಕೇಳಿಬರುತ್ತವೆ ಎಂಬುದನ್ನು ಇಲ್ಲಿ ಸೇರಿಸಬೇಕು. ವಯನಾಡಿನ ಕಾಟ್ಟುನಾಯ್ಕರು ಕರ್ನಾಟಕದ ಜೇನುಕುರುಬರ ಬಳಗದವರು, ಅವರ ಮಾತು ಕನ್ನಡಕ್ಕೆ ಸಮೀಪದ್ದು. ವಯನಾಡು ಚೆಟ್ಟಿಯರ ನುಡಿಯಲ್ಲೂ ಕನ್ನಡದ ಜಾಡಿದೆ. ಕಲ್ಪೆಟ್ಟ, ಸುಲ್ತಾನ್ ಬತ್ತೇರಿಗಳ ಜೈನ ಬಸದಿಗಳು ಕನ್ನಡ ನಾಡಿನಿಂದ ಬಂದು ನೆಲೆಸಿದವರ ನೆನಪನ್ನು ಉಳಿಸಿಕೊಂಡಿವೆ. ಗಡಿಯ ಆಚೆಗಿನ ಜಿಲ್ಲೆಯೆಂಬ ಭಾವನೆಯಿಂದ ಹೊರಟವರಿಗೆ ನೆಂಟರ ಊರಿನ ಅನುಭವವಾಗುವುದು ಇದರಿಂದ.

ಮಳೆಗಾಲದಲ್ಲಿ ದ್ವೀಪವಿಲ್ಲದಿದ್ದರೂ ಮಂಜು ಮುಸುಕಿದ ಬೆಟ್ಟಗಳನ್ನು ನೋಡಲೆಂದೇ ವಯನಾಡಿಗೆ ಹೋಗುವವರು ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳನ್ನು ಓದಲು ಕಲಿತಿರಬೇಕು. ಮಳೆಯ ಪ್ರಮಾಣದ ದೃಷ್ಟಿಯಿಂದ ಹಳದಿಯೆಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್, ಕಿತ್ತಳೆಯೆಂದರೆ 204.4 ಮಿಲಿಮೀಟರ್‌ವರೆಗೆ, ಕೆಂಪೆಂದರೆ ಅದಕ್ಕೂ ಮೀರಿದ ಮಳೆಯ ನಿರೀಕ್ಷೆ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯಿತಿಯ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲಗಳನ್ನು ಕೊಚ್ಚಿದ ಭೂಕುಸಿತದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಕರ್ನಾಟಕದ ಮೂಲದವರೂ ಇದ್ದರು. ಕಿತ್ತಳೆ ಮತ್ತು ಕೆಂಪು ಎಚ್ಚರಿಕೆಯ ದಿನ ಘಾಟಿಯ ಇಳಿಜಾರಿನ ವಸತಿಗಳಿಗೆ ಹೋಗದಿರುವುದು ತಮ್ಮ ಸುರಕ್ಷೆಗಷ್ಟೇ ಅಲ್ಲ, ರಕ್ಷಣಾ ಕಾರ್ಯದ ರಸ್ತೆಗಳನ್ನು ತೆರವಾಗಿಡುವುದಕ್ಕೂ ಅಗತ್ಯ. ಅದೇ ಸಮಯದಲ್ಲಿ, ಮೇಪ್ಪಾಡಿಯ ಒಂದು ಕಣಿವೆಯ ದುರಂತದಿಂದ ಇಡೀ ಜಿಲ್ಲೆಯನ್ನೇ ಡಿಸೆಂಬರಿನಲ್ಲೂ ದೂರವಿಡುವುದು ದ್ವೀಪದ ದಡದ ದುಡಿಮೆಗಾರರಿಗೆ ಎರಡನೆಯ ಪೆಟ್ಟಾಗುತ್ತದೆ.

ರಜೆಯನ್ನು ಬದಲಿಸಲಾಗದವರಿಗೆ ಉಳಿಯುವ ದಾರಿ ದ್ವೀಪವನ್ನು ಬದಲಿಸುವುದು. ದಸರೆಗೆ ಕುರುವಾ ಇನ್ನೂ ಮುಚ್ಚಿದ್ದರೆ ಬಾಣಾಸುರ ಸಾಗರದಲ್ಲಿ ಮುಳುಗಿದ ಗುಡ್ಡಗಳ ನೆತ್ತಿಗಳು ತುಂಬಿದ ನೀರಿನ ನಡುವೆ ದ್ವೀಪಗಳಾಗಿ ನಿಂತಿರುವುದನ್ನು ನೋಡಬಹುದು. ಈ ಬಗೆಯ ದ್ವೀಪಕ್ಕೆ ತುಂಬು ಜಲಾಶಯವೇ ಬೇಕು ಎಂಬುದರಿಂದ ಇದರ ಕಾಲ ಕುರುವಾದ ಕಾಲಕ್ಕೆ ವಿರುದ್ಧ. ಕುಶಾಲನಗರದ ಕಾವೇರಿ ನಿಸರ್ಗಧಾಮ, ರಂಗನತಿಟ್ಟಿನ ದೋಣಿವಿಹಾರಗಳೂ ನೆರೆ ಬಂದಾಗ ನಿಲ್ಲುತ್ತವೆ, ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗುವ ದೋಣಿಗಳು ಮುಂಗಾರಿನ ಕಡಲು ಶಾಂತವಾಗುವವರೆಗೆ ಹೊರಡುವುದಿಲ್ಲ. ಅಂಡಮಾನಿಗೆ ಎರಡೂ ಮಳೆಗಳು ಮುಟ್ಟುವುದರಿಂದ ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ ನಿಶ್ಚಿಂತೆ. ಬೇಸಿಗೆ ರಜೆಗೆ ದೂರ ಹೋಗಬಲ್ಲವರು ಭೂಮಧ್ಯರೇಖೆಯ ದಕ್ಷಿಣಕ್ಕೆ ನೋಡುವುದು ಜಾಣತನ, ಏಕೆಂದರೆ ಅಲ್ಲಿ ಋತುಗಳು ತಿರುಗುಮುರುಗು. ಮಾರಿಷಸ್‌ನಲ್ಲಿ ಚಂಡಮಾರುತದ ಕಾಲ ಏಪ್ರಿಲ್‌ಗೆ ಮುಗಿಯುತ್ತದೆ, ಬಾಲಿಯಲ್ಲಿ ಒಣ ಋತು ಆಗ ತೊಡಗುತ್ತದೆ. ಶ್ರೀಲಂಕೆಯ ಉದಾಹರಣೆ ಇನ್ನೂ ಬೋಧಪ್ರದ: ಮೇ ತಿಂಗಳಲ್ಲಿ ಅದರ ನೈರುತ್ಯ ಕರಾವಳಿ ಮಳೆಯಲ್ಲಿ ತೊಯ್ಯುತ್ತಿರುವಾಗ ಪೂರ್ವದ ಟ್ರಿಂಕೋಮಲಿಯಲ್ಲಿ ಕಡಲು ಶಾಂತವಾಗಿರುತ್ತದೆ, ಡಿಸೆಂಬರಿನಲ್ಲಿ ಇದು ತದ್ವಿರುದ್ಧ. ವಯನಾಡಿನ ಲಕ್ಕಿಡಿಗೂ ಪುಲ್ಪಳ್ಳಿಗೂ ಇರುವ ವ್ಯತ್ಯಾಸದಂತೆಯೇ ಅಲ್ಲಿಯೂ ನಡುವಿನ ಬೆಟ್ಟಸಾಲು ಮಳೆಯನ್ನು ತಡೆಯುತ್ತದೆ.

ಕುರುವಾಕ್ಕೆ ಎರಡು ಕಡವುಗಳಿದ್ದು, ಇವು ಹೊಳೆಯ ಎದುರುಬದುರು ದಡಗಳಲ್ಲಿರುವುದರಿಂದ ಒಂದರಲ್ಲಿ ಟಿಕೆಟ್ ಮುಗಿದಾಗ ಇನ್ನೊಂದಕ್ಕೆ ಹೋಗಲು ಸುತ್ತುದಾರಿ ಹಿಡಿಯಬೇಕಾಗುತ್ತದೆ. ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ, ಬಾವಲಿ, ಕಾಟ್ಟಿಕ್ಕುಳಂ ಮಾರ್ಗವಾಗಿ ಬರುವವರಿಗೂ ಕೊಡಗಿನ ಕುಟ್ಟದಿಂದ ತೋಲ್ಪೆಟ್ಟಿಯ ಮೂಲಕ ಇಳಿಯುವವರಿಗೂ ಪಾಲ್ವೆಳಿಚ್ಚಂ ಕಡವು ಅನುಕೂಲ. ಗುಂಡ್ಲುಪೇಟೆ, ಮುತ್ತಂಗ, ಬತ್ತೇರಿಯ ಮೂಲಕ ಬರುವವರು ಪುಲ್ಪಳ್ಳಿಯ ಕಡೆಯಿಂದ ಪಾಕ್ಕಂ ಚೆರಿಯಮಲದ ದ್ವಾರವನ್ನು ಆರಿಸುವುದು ಒಳ್ಳೆಯದು. ಬಂಡೀಪುರದ ಕಾಡಿನ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ, ನಾಗರಹೊಳೆಯ ಅಂಚಿನ ಬಾವಲಿ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಹೀಗಾಗಿ ಪಾಲ್ವೆಳಿಚ್ಚಂನಿಂದ ಅದೇ ದಿನ ಮೈಸೂರಿಗೆ ಮರಳಬೇಕಾದವರು ಬೆಳಗಿನ ಮೊದಲ ತೆಪ್ಪಗಳಲ್ಲಿ ದಾಟಿ, ಮಧ್ಯಾಹ್ನ ಮೂರರೊಳಗೆ ದಡಕ್ಕೆ ಬಂದುಬಿಡಬೇಕು. ಹೊತ್ತು ಮೀರಿದರೆ ಮಾನಂತವಾಡಿಯಲ್ಲಿ ಉಳಿಯುವುದು ಅಥವಾ ಕುಟ್ಟ, ಗೋಣಿಕೊಪ್ಪದ ಸುತ್ತುದಾರಿ ಹಿಡಿಯುವುದು ಅನಿವಾರ್ಯವಾಗುತ್ತದೆ.